ಹುಲಿಗೆವ್ವನ ಹರಿಗೋಲು

ಬಹಳ ಕಾಲದ ಹಿಂದೆ, ಮಲಗಿದ್ದ ಒಬ್ಬ ದೈತ್ಯನ ಮೈಯೊಳಗೆ ಒಂದು ರಾಜ್ಯವಿತ್ತು. ದೈತ್ಯನ ರಕ್ತವೇ ಆ ರಾಜ್ಯದ ಹೊಳೆ. ಅದು ಊರೂರು ಸುತ್ತಿ ಹೊರಟಲ್ಲಿಗೇ ಮರಳುತ್ತಿತ್ತು. ಆ ಹೊಳೆಯಲ್ಲಿ ಹುಲಿಗೆವ್ವ ಎಂಬ ಅಂಬಿಗಿತ್ತಿ ಹರಿಗೋಲು ನಡೆಸುತ್ತಿದ್ದಳು. ಯಾರು ಕೈ ಬೀಸಿದರೂ ಹತ್ತಿಸಿಕೊಳ್ಳಬೇಕು, ಅದು ಅವಳ ಕುಲದ ಕಟ್ಟಳೆ. ಹತ್ತುವವರಿಗೆ ಕೊನೆಯೇ ಇರಲಿಲ್ಲ. ಅವಳಿಗಂತೂ ರೋಸಿಹೋಗಿತ್ತು.

ಆ ಹರಿಗೋಲಿಗೊಂದು ಮಾಯೆಯಿತ್ತು. ಅದರಲ್ಲಿ ಕೂತವರು ಎಂಥವರೇ ಆಗಲಿ, ಇಳಿಯುವ ತನಕ ಅವರ ಶಕ್ತಿ ನಿದ್ದೆ ಹೋಗುತ್ತಿತ್ತು.

ಒಂದು ದಿನ ಉರಿಗಣ್ಣ ಎಂಬ ಮಾಂತ್ರಿಕ ಕೆಳದಂಡೆಯ ಊರಿಗೆ ಜ್ವರ ಹಚ್ಚಿದ. ಊರಿಗೆ ಊರೇ ಹಾಸಿಗೆ ಹಿಡಿಯಿತು. ಹುಲಿಗೆವ್ವ ತನ್ನ ಮಗಳು ನಿಂಗಿಯನ್ನು ಕೊಟ್ಟದ್ದೂ ಅದೇ ಊರಿಗೆ.

ಜ್ವರ ಬಿಡಿಸಬಲ್ಲವರು ಕಹಿಯರು ಮಾತ್ರ. ಅವರು ಹೆಬ್ಬೆರಳುದ್ದದ ಮದ್ದಿನ ಜನ. ಒಬ್ಬೊಬ್ಬರಾಗಿ ಊರು ಹೊಕ್ಕರೆ ಮದ್ದು, ಒಟ್ಟಿಗೇ ನುಗ್ಗಿದರೆ ವಿಷ. ಈಜಿಕೊಂಡು ಹೋಗುವಂತೆಯೂ ಇಲ್ಲ. ದಾರಿಯಲ್ಲಿದ್ದ ಜರಡಿಬಾಗಿಲು ಸಣ್ಣವರನ್ನು ಸೋಸಿ ರಾಜ್ಯದಾಚೆ ಎಸೆಯುತ್ತಿತ್ತು. ಹಾಗಾಗಿ ಅವರು ಹುಲಿಗೆವ್ವನ ಹರಿಗೋಲು ಹತ್ತಿದರು.

ಅಷ್ಟರಲ್ಲಿ ಮಂತ್ರಿ ಹಗ್ಗ ಹಿಡಿದು ಬಂದ. "ಇವರನ್ನು ಬಿಗಿದು ಕಟ್ಟು. ಒಬ್ಬನೂ ಜಾರಬಾರದು."

"ಕಟ್ಟಿದ್ರ ಅಲ್ಲಿ ಇಳಿಯೋದು ಹೆಂಗ್ರೀ? ಇಳಿಯದಿದ್ರ ಜ್ವರ ಹೋಗೋದು ಹೆಂಗ್ರೀ?"

"ಆಜ್ಞೆ ಅಂದರೆ ಆಜ್ಞೆ."

ಹುಲಿಗೆವ್ವ ಹಣೆ ಚಚ್ಚಿಕೊಂಡಳು. ಅವನೆದುರಿಗೆ ಕಟ್ಟಿದಳು, ಅವನು ಮರೆಯಾದ ಕೂಡಲೇ ಬಿಚ್ಚಿದಳು. ಹಿಡಿದುಕೊಳ್ಳುವುದಕ್ಕೂ ಕಟ್ಟಿಹಾಕುವುದಕ್ಕೂ ವ್ಯತ್ಯಾಸ ತಿಳಿಯದವರ ಕೈಗೆ ಆಡಳಿತ ಕೊಟ್ಟರೆ ಇನ್ನೇನಾಗುತ್ತದೆ ಹೇಳಿ.

ಮೊದಲ ತಿರುವಿನಲ್ಲಿ ಎಣ್ಣೆಹನಿಗಳು ಕೈ ಬೀಸಿದವು. "ಅವ್ವಾ, ನಮಗ ನೀರು ಆಗಿಬರಂಗಿಲ್ಲ, ಹತ್ತಿಸ್ಕೋ."

"ನಿಮಗ ಇವತ್ತ ಬೇಕಾಗಿತ್ತಾ?" ಎಂದು ಗೊಣಗುತ್ತಲೇ ಹತ್ತಿಸಿಕೊಂಡಳು. ಊರಿನ ಒಲೆಗಳು ಉರಿಯುತ್ತಿದ್ದದ್ದು ಅವುಗಳಿಂದಲೇ.

ಎರಡನೆಯ ತಿರುವಿನಲ್ಲಿ ಜರಡಿಬಾಗಿಲು ನೀರನ್ನು ಸೆಳೆಯುತ್ತಿತ್ತು. ಜರಡಿಯ ಕಣ್ಣು ಚಿಕ್ಕದು, ಹರಿಗೋಲು ದೊಡ್ಡದು. ಒಂದು ಸುತ್ತು ತಿರುಗಿ ಅದು ಮುಂದೆ ಸಾಗಿತು.

ಮೂರನೆಯ ತಿರುವಿಗೆ ನಿಂಗಿಯ ಊರಿನ ಮೆಟ್ಟಿಲು ಬಂತು. ಅಲ್ಲಿ ಡೊಳ್ಳುಹೊಟ್ಟೆಯ ಮುದುಕನೊಬ್ಬ ಕೈ ಬೀಸಿದ. ಹತ್ತಿದವನು ಕೂರಲಿಲ್ಲ. "ಜರುಗ್ರಿ, ಜರುಗ್ರಿ" ಎಂದು ಕಹಿಯರನ್ನೆಲ್ಲ ಮೆಟ್ಟಿಲ ಕಡೆಗೆ ತಳ್ಳತೊಡಗಿದ. ಅವನು ನಿಂತ ಕಡೆ ಕೆಳಗಿನ ನೀರು ಕುದಿಯುತ್ತಿತ್ತು. ಅವನು ಉರಿಗಣ್ಣನೇ. ಕಹಿಯರೆಲ್ಲ ಒಮ್ಮೆಗೇ ಊರಿಗೆ ಬಿದ್ದರೆ ನಿಂಗಿ ಉಳಿಯುವುದಿಲ್ಲ.

ಹುಲಿಗೆವ್ವ ಹರಿಗೋಲು ನಡೆಸುವ ಹುಟ್ಟನ್ನು ಬಿಗಿಹಿಡಿದಳು. ದನಿ ಮಾತ್ರ ಎಂದಿನ ಸಿಡುಕಿನದೇ.

"ಅಜ್ಜಾ, ಹತ್ತಿದ ಮ್ಯಾಲ ಕೂಡಬೇಕು."

ಹುಟ್ಟಿನಿಂದ ಒಂದು ಎಳೆತ ಎಳೆದಳು. ಹರಿಗೋಲು ಗಿರ್ರನೆ ತಿರುಗಿತು. ಕಹಿಯರು ಎಣ್ಣೆಹನಿಗಳಿಗೆ ಅಂಟಿಕೊಂಡರು. ನಿಂತಿದ್ದ ಉರಿಗಣ್ಣ ದೊಪ್ಪನೆ ಕೂತ. ಕೂತದ್ದೇ ತಡ, ಅವನ ಶಕ್ತಿ ನಿದ್ದೆ ಹೋಯಿತು. ಮಂತ್ರಿಯ ಹಗ್ಗ ಅಲ್ಲೇ ಬಿದ್ದಿತ್ತು. ಹುಲಿಗೆವ್ವ ಅವನನ್ನು ಬಿಗಿದು ಕಟ್ಟಿದಳು.

ಆಮೇಲೆ ಕಹಿಯರು ಒಬ್ಬೊಬ್ಬರಾಗಿ ಇಳಿದರು. ಜ್ವರ ಇಳಿದಂತೆಲ್ಲ ಉರಿಗಣ್ಣ ಕುಗ್ಗಿ ಕುಗ್ಗಿ ಹೆಬ್ಬೆರಳುದ್ದವಾದ. ಹುಲಿಗೆವ್ವ ಮಗಳ ಮನೆ ಹೊಕ್ಕಾಗ ನಿಂಗಿ ಕಣ್ಣು ತೆರೆದು, "ಅವ್ವಾ, ಹಸಿವು" ಅಂದಳು. ಹುಲಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಎಣ್ಣೆಹನಿಗಳನ್ನು ಕರೆದು ಒಲೆ ಹಚ್ಚಿದಳು.

ಮುಂದಿನ ಸುತ್ತಿನಲ್ಲಿ ಜರಡಿಬಾಗಿಲ ಬಳಿ ಉರಿಗಣ್ಣನನ್ನು ನೀರಿಗೆ ಬಿಟ್ಟಳು. ಜರಡಿ ಅವನನ್ನು ಸೋಸಿ ರಾಜ್ಯದಾಚೆ ಎಸೆಯಿತು.

"ನನ್ನ ಹಗ್ಗವೇ ರಾಜ್ಯ ಉಳಿಸಿತು" ಎಂದು ಮಂತ್ರಿ ಡಂಗುರ ಸಾರಿಸಿದ. ಅದು ಅರ್ಧ ನಿಜವಾದ್ದರಿಂದ ಹುಲಿಗೆವ್ವನಿಗೆ ಇನ್ನಷ್ಟು ಸಿಟ್ಟು ಬಂತು. ನಿಂಗಿ, ಊರವರು, ಕಹಿಯರು ಎಲ್ಲರೂ ಸುಖವಾಗಿ ಬಾಳಿದರು. ಹುಲಿಗೆವ್ವನೂ ಸುಖವಾಗಿಯೇ ಇದ್ದಳು, ಗೊಣಗುತ್ತ.