ಬಾಯಿ ಕಟ್ಟಿದ ಫೋನು

"ಒಳಗೆ ಫೋನಿನದಲ್ಲದ್ದು ಏನಾರ ಸಿಕ್ರೆ ಕೈ ಹಾಕ್ಬ್ಯಾಡ್ರಿ. ನಂಗೆ ಹೇಳ್ರಿ. ತೆಗಿಯೋರನ್ನ ನಾನೇ ಕರ್ಕಂಬರ್ತೀನಿ," ಎಂದಳು ನೀಲಾಂಬಿಕ.

ರೇಣುಕಾಪ್ರಸಾದನಿಗೆ ನಗು ತಡೆಯಲಾಗಲಿಲ್ಲ. ಅವನು ಶಿಕಾರಿಪುರದವನು. ಸೊರಬದ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಬಾಗಿಲಿಗೆ ಹೊಡೆದ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಫೋನೊಳಗೆ ಏನಿರ್ತದಕ್ಕಾ? ಧೂಳು, ಇಲ್ಲಾಂದ್ರೆ ಇರುವೆ. ಇರುವೆ ತೆಗಿಯಾಕೂ ಮಂತ್ರ ಬೇಕೇನು?"

ಅವಳು ನಗಲಿಲ್ಲ. ಫೋನು ತೀರಿಹೋದ ಅಪ್ಪನದು. ಕೆರೆ ಕೆಳಗಿನ ಗದ್ದೆ ತನ್ನದೆಂದು ಚಿಕ್ಕಪ್ಪ ಗಂಗಾಧರಪ್ಪ ಕೇಸು ಹಾಕಿದ್ದಾನೆ. ಆದರೆ ಅವನೇ ಹಿಂದೊಮ್ಮೆ ಅಪ್ಪನಿಗೆ ಫೋನ್ ಮಾಡಿ, "ಗದ್ದೆ ನಿಂದೇ ಅಣ್ಣಾ, ಪಹಣೀಲಿ ನನ್ನ ಹೆಸರು ಸುಮ್ನೆ ಇರ್ಲಿ," ಎಂದಿದ್ದ. ಆ ಮಾತು ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಅದನ್ನು ಬೇರೆಲ್ಲೂ ಕಾಪಿ ಮಾಡಬೇಡಿ, ಕೋರ್ಟಿನಲ್ಲಿ ಇದೇ ಫೋನಿಂದ ಕೇಳಿಸಬೇಕು ಎಂದು ಲಾಯರು ಹೇಳಿದ್ದರು. ಕೇಳಿಸುವುದೇ ಕಷ್ಟವಾಗಿತ್ತು. ರೆಕಾರ್ಡಿನ ಮೇಲೆ ಬೆರಳಿಟ್ಟರೆ ಸಾಕು, ಫೋನು ಕಪ್ಪಾಗಿ ಆರಿ, ತಾನೇ ಮೊದಲಿಂದ ಶುರುವಾಗುತ್ತಿತ್ತು.

"ಅಪ್ಪನ ತಿಥಿ ದಿನ ಚಿಕ್ಕಪ್ಪ ಇದನ್ನ ಕೈಲಿ ಹಿಡ್ಕಂಡು ಕೂತಿದ್ದ. ಆವತ್ತಿಂದ ಹಿಂಗೆ. ಬಾಯಿಕಟ್ಟು ಮಾಡ್ಸಿದಾನೆ."

ಕೋರ್ಟಿನ ವಾಯಿದೆ ಹತ್ತಿರ ಬಂದಾಗ ಎದುರು ಪಾರ್ಟಿಯ ಸಾಕ್ಷಿಗೆ ಮಾತು ಏಳದಂತೆ ಕಟ್ಟು ಹಾಕಿಸಲು ಮಂತ್ರವಾದಿಯ ಮನೆಗೆ ಓಡುವವರು ಆ ಕಡೆ ಈಗಲೂ ಇದ್ದಾರೆ. ರೇಣುಕಾಪ್ರಸಾದ್ ಕೇಳಿ ಬಲ್ಲ.

"ಫೋನಿಗೂ ಬಾಯಿ ಕಟ್ತಾರಾ? ಹಂಗಾದ್ರೆ ಸ್ಪೀಕರ್ ಬದಲಾಯಿಸಿದ್ರೆ ಮಂತ್ರ ಬಿಟ್ಟು ಹೋಗ್ಬೇಕಲ್ರೀ!"

ಅವಳು ಹೋದ ಮೇಲೆ ಅವನು ಕೆಲಸಕ್ಕೆ ಕೂತ. ಚಾರ್ಜ್ ನಿಲ್ಲುತ್ತಿತ್ತು. ಬ್ಯಾಟರಿ ಉಬ್ಬಿರಲಿಲ್ಲ. ಮೆಮೊರಿ ಕಾರ್ಡ್ ತೆಗೆದು ನೋಡಿದ, ಬೇಡದ ಆ್ಯಪ್‌ಗಳನ್ನು ಮುಚ್ಚಿ ನೋಡಿದ. ಹಾಡು ಹಾಡಿತು, ಫೋಟೊ ತೋರಿಸಿತು. ಆ ಒಂದು ರೆಕಾರ್ಡು ಮುಟ್ಟಿದೊಡನೆ ಆರಿತು. ಅವನಿಗೆ ನೀಲಾಂಬಿಕಳ ಮೇಲೇ ಅನುಮಾನ ಬಂತು. ಇಲ್ಲದ ಮಾತನ್ನು ಇದೆ ಎಂದು ಹೇಳಿ, ಅದನ್ನು ಅಳಿಸಿದ ಕೆಟ್ಟ ಹೆಸರನ್ನು ನನ್ನ ತಲೆಗೆ ಕಟ್ಟುತ್ತಾಳೋ ಏನೋ.

ಅಷ್ಟರಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಬಂದು ಪೌಚ್ ಕೇಳಿದರು. ಕಣ್ಣು ಮಾತ್ರ ಮೇಜಿನ ಮೇಲಿತ್ತು.

"ನಮ್ಮಣ್ಣನ ಫೋನು. ಸತ್ತೋರದ್ದು ಯಾಕೆ ಕೆದಕ್ತೀ ತಮ್ಮಾ? ವಾಪಸ್ ಕೊಟ್ಬಿಡು."

ಪೌಚ್ ಕೊಳ್ಳದೆ ಹೋದರು. ರೇಣುಕಾಪ್ರಸಾದನ ಅನುಮಾನ ಈಗ ಅತ್ತ ತಿರುಗಿತು. ಮಾಟವಲ್ಲ, ಕಿತಾಪತಿ. ಯಾರ ಕೈಲೋ ಏನೋ ಮಾಡಿಸಿದ್ದಾನೆ ಮುದುಕ. ಹುಡುಕದೆ ಬಿಡಬಾರದು.

ಸಂಜೆ ಕರೆಂಟು ಹೋಯಿತು. ಟಾರ್ಚಿನ ಬೆಳಕಿನಲ್ಲಿ ಹಿಂದಿನ ಮುಚ್ಚಳ ಬಿಚ್ಚಿದ. ಗಪ್ಪನೆ ವಾಸನೆ ಹೊಡೆಯಿತು. ಕೊಳೆತ ನಿಂಬೆಹಣ್ಣು, ಸುಟ್ಟ ಮೇಣ. ಆನ್ ಮಾಡುವ ಗುಂಡಿಯ ಸಂದಿಯಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು. ಗುಂಡಿ ಒತ್ತಿದಂತೆಯೇ ನಿಂತರೆ ಫೋನು ಆರಿ ಆರಿ ಹತ್ತದೆ ಇನ್ನೇನು ಮಾಡೀತು? ಚಿಮಟದಿಂದ ಹಿಡಿದು ಎಳೆದ.

ಬಂತು. ಇನ್ನೂ ಬಂತು. ಮೊಳದುದ್ದ ಎಳೆದರೂ ತುದಿ ಸಿಗಲಿಲ್ಲ. ಒದ್ದೆಯಾಗಿತ್ತು. ಆ ಪುಟ್ಟ ಸಂದಿಯಲ್ಲಿ ಅಷ್ಟು ಕೂದಲಿಗೆ ಜಾಗವಿರಲಿಲ್ಲ. ಅವನ ನಾಲಿಗೆಯ ಬುಡದಲ್ಲಿ ಏನೋ ಹರಿದಾಡಿದಂತಾಯಿತು. ಉಗುಳಿದ. ಏನೂ ಇಲ್ಲ. ಮತ್ತೆ ಎಳೆದ. ತುದಿ ಪಟ್ಟನೆ ಬಂತು.

ಫೋನು ಹತ್ತಿತು. ರೆಕಾರ್ಡು ಒತ್ತಿದ. "ಗದ್ದೆ ನಿಂದೇ ಅಣ್ಣಾ..." ಕೊನೆಯವರೆಗೂ ಕೇಳಿಸಿತು.

ನೀಲಾಂಬಿಕಳಿಗೆ ಫೋನ್ ಮಾಡಿದ. ಅವಳು ಅತ್ತೇಬಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಒಳಗೆ ಏನಾರ ಇತ್ತಾ?"

"ಕಸ ಇತ್ರೀ. ಬಿಸಾಕಿದೆ," ಎಂದ. "ಬೇಕಾದ್ರೆ ಕೋರ್ಟಿಗೂ ಬಂದು ಹೇಳ್ತೀನಿ, ಇದ್ರಾಗೆ ಏನೂ ಮೋಸ ಇಲ್ಲ ಅಂತ."

ವಾಯಿದೆಯ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಕಟಕಟೆ ಹತ್ತಿದ. ಲಾಯರು ಹೆಸರು ಕೇಳಿದರು.

"ನನ್ನ ಹೆಸರು ರೇಣುಕಾಪ್ರಸಾದ್. ಊರು ಶಿಕಾರಿಪುರ. ಈ ಫೋನನ್ನು..."

ಮಾತು ನಿಂತಿತು. ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಉಸಿರಾಡಲಿಲ್ಲ. ಆಮೇಲೆ ಮೈ ಒಮ್ಮೆ ಜುಮ್ಮೆಂದು ಅದುರಿತು.

"ನನ್ನ ಹೆಸರು ರೇಣುಕಾಪ್ರಸಾದ್. ಊರು ಶಿಕಾರಿಪುರ. ಈ ಫೋನನ್ನು..."

ಮತ್ತೆ ಆರಿದ. ಕಟಕಟೆಯಿಂದ ಕುಸಿದವನನ್ನು ಜಗಲಿಗೆ ಎತ್ತಿ ತಂದು ಮಲಗಿಸಿದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಯಾರೋ ನೀರು ಚಿಮುಕಿಸಿದರು. ಅವನು ಅದುರಿದ. ಹೆಸರು. ಊರು. ಈ ಫೋನನ್ನು. ಕತ್ತಲು. ಪ್ರತಿ ಸಲವೂ ಕತ್ತಲು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ತುಟಿ ನೀಲಿಯಾಯಿತು. ಉಗುರು ನೀಲಿಯಾಯಿತು.

ನೀಲಾಂಬಿಕ ಅವನ ತಲೆಯ ಬಳಿ ಕೂತಿದ್ದಳು. "ಕಸ ಅಂದ್ರಲ್ಲ! ಕಿತ್ರಾ ಅದನ್ನ? ನೀವೇ ಕಿತ್ರಾ?"

ಗಂಗಾಧರಪ್ಪ ಅವಳ ಬೆನ್ನ ಹಿಂದೆ ಬಗ್ಗಿದ.

"ಹುಡುಗನ ಜೀವ ತೆಗಿಯಾಕೆ ಮಾಡ್ಸಿದ್ದಲ್ಲ ಕಣೇ. ಆ ಮಾತು ಹೊರಗೆ ಬರ್ಬಾರ್ದು ಅಂತ ಅಷ್ಟೇ. ಕಿತ್ತೋನಿಗೇ ಅಂಟ್ಕಂಡದೆ, ಫೋನಾಗೆ ಆ ಮಾತು ಇರೋತನ್ಕ ಅದು ಬಿಡಾಂಗಿಲ್ಲ. ಅಳಿಸ್ಬಿಡು."

"ನಿನ್ನ ಮಾತು ನಂಬ್ಲಾ?"

"ನಂಬ್ಬ್ಯಾಡ. ಅವ್ನ ಮುಖ ನೋಡು."

ಅವಳು ನೋಡಿದಳು. ಫೋನು ತೆಗೆದಳು. ಅದರಲ್ಲಿ ಗದ್ದೆಯಷ್ಟೇ ಇರಲಿಲ್ಲ. ಚಿಕ್ಕಪ್ಪನ ಮಾತು ಮುಗಿದ ಮೇಲೆ ಅಪ್ಪ ಕೆಮ್ಮಿ, "ಆತಪ್ಪಾ, ಉಂಡು ಮಲಗು," ಎನ್ನುವುದಿತ್ತು. ಅಪ್ಪನ ದನಿ ಬೇರೆಲ್ಲೂ ಇರಲಿಲ್ಲ.

ರೇಣುಕಾಪ್ರಸಾದ್ ಅದುರಿದ. ಈ ಸಲ ಹೆಸರೂ ಪೂರ್ತಿ ಬರಲಿಲ್ಲ.

ಅಳಿಸಲೇ ಎಂದು ಫೋನು ಕೇಳಿತು. ಬೆರಳಿಟ್ಟಳು. ಅಷ್ಟು ದಿನ ಮುಟ್ಟಿದರೆ ಆರುತ್ತಿದ್ದ ಫೋನು ಈಗ ಆರಲಿಲ್ಲ. ಹೇಳಿದ ಕೆಲಸವನ್ನು ತಕ್ಷಣ ಮಾಡಿತು.

ಅವನ ಎದೆ ಬಿರಿಯುವಂತೆ ಉಸಿರು ಒಳಗೆ ನುಗ್ಗಿತು. ಗಂಗಾಧರಪ್ಪ ಪಂಚೆ ಎತ್ತಿಕೊಂಡು ಹಿಂದೆ ನೋಡದೆ ಮೆಟ್ಟಿಲಿಳಿದ. ರೇಣುಕಾಪ್ರಸಾದ್ ಕಣ್ಣು ಬಿಟ್ಟು, ಸುತ್ತ ನಿಂತವರನ್ನು ನೋಡಿ, ಕಟಕಟೆಯಲ್ಲೇ ಇದ್ದೇನೆಂದುಕೊಂಡು ಗಟ್ಟಿಯಾಗಿ ಹೇಳಿದ:

"ಈ ಫೋನನ್ನು ಸರಿ ಮಾಡಿದ್ದು ನಾನೇ."