ಬೆತ್ತದ ಕುರ್ಚಿಯ ಬಿಸಿ

ದೆವ್ವಗಿವ್ವ ನಂಬುವ ಜನ ಅಲ್ಲ ನಾನು. ಡೊಂಬಿವ್ಲಿಯ ಹೋಟೆಲೊಂದರಲ್ಲಿ ಕ್ಯಾಶಿಗೆ ಕೂರುವವನು. ಆದರೂ ಈ ಕುರ್ಚಿಯ ವಿಷಯ ಹೇಳಲೇಬೇಕು.

ರಜೆಯ ದಿನ ಹೆಂಡತಿ ಬಾಗಿಯನ್ನು ಕರಕೊಂಡು ಥಾಣೆಯ ಗುಡ್ಡದ ಬುಡದಲ್ಲಿರುವ ಹಳೇ ತೋಟ ನೋಡಲು ಹೋಗಿದ್ದೆ. ಅದನ್ನು ಬೆಳೆಸಿದ ಖೋತ್ ಸಾಹೇಬರು ತೀರಿಹೋಗಿ ಎಷ್ಟೋ ಕಾಲವಾಗಿದೆ. ಬಂಗಲೆಯನ್ನು ಮಾತ್ರ ಹಾಗೆಯೇ ಇಟ್ಟಿದ್ದಾರೆ. ಜಗಲಿಯಲ್ಲಿ ಅವರ ಬೆತ್ತದ ಕುರ್ಚಿ ತೋಟಕ್ಕೆ ಮುಖ ಮಾಡಿ ನಿಂತಿತ್ತು. ಸುಮ್ಮನೆ ಕೈಯಿಟ್ಟೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿತ್ತು.

ಅಷ್ಟರಲ್ಲಿ ಬಾಗಿ ಕ್ರೋಟನ್ನಿನ ಒಂದು ಗೆಲ್ಲು ಮುರಿದು ಬ್ಯಾಗಿಗೆ ತುರುಕಿದಳು. ಕುರ್ಚಿ ಕಿರ್ರೆಂದಿತು.

"ಕೇಳಿ ತೆಗೀಬಾರದಾ?" ಎಂದೆ.

"ಸುಮ್ಮನಿರಿ ಮಾರಾಯ್ರೆ, ಕೇಳಿ ತಂದದ್ದು ಬೇರು ಬಿಡುವುದಿಲ್ಲ." ನಮ್ಮೂರ ಹೆಂಗಸರೆಲ್ಲ ನಂಬುವುದು ಇದನ್ನೇ.

ಠಾಕುರ್ಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ, ಕುಂಡಕ್ಕೆ ನೆಟ್ಟ ಗೆಲ್ಲು ಚೆನ್ನಾಗಿಯೇ ಚಿಗುರಿತು. ಆದರೆ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ದಿನಾ ಬೆಳಿಗ್ಗೆ ಆ ಕುಂಡದ ಕಡೆಗೆ ತಿರುಗಿರುತ್ತಿತ್ತು. ಬಿಸಿಲೇ ಬೀಳದ ಬಾಲ್ಕನಿ, ಮನೆಯಲ್ಲಿ ನಾವಿಬ್ಬರೇ. ಮುಟ್ಟಿದರೆ ಕುರ್ಚಿ ಬೆಚ್ಚಗೆ. ಬಾಗಿ ಬಟ್ಟೆ ಒಣಗಿಸಲಿಕ್ಕೂ ಅತ್ತ ಹೋಗುವುದನ್ನು ಬಿಟ್ಟಳು.

"ಕೊಟ್ಟು ಬರುವ," ಎಂದು ಕೊನೆಗೆ ಅವಳೇ ಹೇಳಿದಳು.

ತೋಟದ ಮಾಲಿಗೆ ಕೈಮುಗಿದು, ಗಿಡವನ್ನು ಅದೇ ಜಾಗದಲ್ಲಿ ನೆಡಿಸಿದೆವು. ಹೊರಡುವಾಗ ಜಗಲಿಯ ಕುರ್ಚಿ ಮುಟ್ಟಿ ನೋಡಿದೆ. ತಣ್ಣಗೆ ಕೊರೆಯುತ್ತಿತ್ತು.

ನಮ್ಮ ಬಾಲ್ಕನಿಯ ಕುರ್ಚಿ ಇವತ್ತು ಬೆಳಿಗ್ಗೆಯೂ ಬೆಚ್ಚಗಿತ್ತು. ಕುಂಡ ಇಲ್ಲವಲ್ಲ, ಈಗ ಅದು ಮನೆಯೊಳಗೆ ಮುಖ ಮಾಡಿದೆ.