ಹೊಸ ಟ್ಯೂಬಿನಲ್ಲಿ ಕಾಣದ ಗೆರೆ

ಪರದೆಯ ಮೇಲೆ ಆ ಗೆರೆ ಇರಲಿಲ್ಲ.

ಅವಳು ದಡಕ್ಕನೆ ಎದ್ದು ನಿಂತಳು. ಗಾಯಕ್ಕೆ ಹಚ್ಚುವ ಜೆಲ್‌ಗಾಗಿ ಅವಳು ತಯಾರಿಸಿದ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕು ಎರಡು ಭಂಗಿಗಳಲ್ಲಿ ಮಡಚಿ ನಿಲ್ಲುತ್ತದೆ ಎನ್ನಲು ಇದ್ದ ಒಂದೇ ಸಾಕ್ಷಿ ಆ ಮೊನಚು ಗೆರೆ. ನಾಳೆ ಸಭೆಯಲ್ಲಿ ಹೇಳಬೇಕಾದದ್ದೂ ಅದನ್ನೇ. ಅಮ್ಮನಂತೂ ಆಗಲೇ ಚಿಕ್ಕಮ್ಮಂದಿರಿಗೆಲ್ಲ ಫೋನ್ ಮಾಡಿ ಸುದ್ದಿ ಹೇಳಿ ಮುಗಿಸಿದ್ದರು.

"ಮೆಷಿನ್ ಕೆಟ್ಟಿದೆಯಾ?"

"ಮೆಷಿನ್‌ಗೇನೂ ಆಗಿಲ್ಲ, ಜೆಲ್ ಮೇಡಂ," ಎಂದ ಸ್ಪೆಕ್ಟ್ರೋಮೀಟರ್ ನಡೆಸುವವನು. ಆ ಯಂತ್ರದ ಬಲವಾದ ಕಾಂತವಿರುವ ಕೋಣೆಗೆ ಕಬ್ಬಿಣ ಒಯ್ಯುವಂತಿಲ್ಲ. ದಿನವೂ ಬಾಗಿಲಲ್ಲಿ ಅವಳ ಹೇರ್‌ಪಿನ್ ಇಸಿದುಕೊಂಡು, ಮರಳಿಸುವಾಗ ಬೆರಳು ತಾಕದಂತೆ ನೋಡಿಕೊಳ್ಳುತ್ತಿದ್ದವನು ಅವನೇ. ಇಂದು ತಲೆಯನ್ನೇ ಎತ್ತಲಿಲ್ಲ.

"ಅದೇ ಸ್ಯಾಂಪಲ್ ಕಣ್ರೀ. ಹಳೇ ಟ್ಯೂಬ್ ಒಡೀತು ಅಂತ ಹೊಸದು ತಗೊಂಡೆ, ಅಷ್ಟೇ..." ಅವಳ ಮಾತು ಅಲ್ಲೇ ನಿಂತಿತು. "ಅಸಿಟೋನ್! ಹಳೇ ಟ್ಯೂಬ್‌ಗಳನ್ನ ಯಾರೋ ಅಸಿಟೋನ್‌ನಲ್ಲಿ ತೊಳೆದು, ಸರಿಯಾಗಿ ಒಣಗಿಸಿಲ್ಲ. ನನ್ನ ಗೆರೆ ಅದರದ್ದು!"

"ಯಾರೋ ಅಲ್ಲ. ನಾನೇ."

"ನೀವಾ? ನೆನೆಹಾಕಿ ಹೋದ ಟ್ಯೂಬ್ ಬೆಳಿಗ್ಗೆ ಫಳಫಳ ಅಂತಿದ್ರೆ, ಲ್ಯಾಬಿನವರ ವ್ಯವಸ್ಥೆ ಅಂದ್ಕೊಂಡಿದ್ದೆ!"

"ತೊಳೆದೂ ತೊಳೆದೂ ನಿಮ್ಮ ಬೆರಳು ಬಿರುಕು ಬಿಟ್ಟಿತ್ತು. ಪಿನ್ ಕೊಡುವಾಗ ನೋಡ್ತಿದ್ದೆ."

"ಗ್ಲೌಸ್ ಹಾಕ್ಕೊಳ್ಳಿ ಅನ್ನೋಕೆ ಏನಾಗಿತ್ತು?"

"ಹೇಳೋಕೆ ಬಂದಾಗಲೆಲ್ಲ ಬಾಯಿಗೆ ಬೇರೇನೋ ಬರ್ತಿತ್ತು. ಅದಕ್ಕೇ ಸುಮ್ಮನೆ ತೊಳೆದುಬಿಟ್ಟೆ."

ಒಡೆದ ಟ್ಯೂಬಿನ ಜೊತೆಗೇ ಅವನು ತೊಳೆದಿಟ್ಟಿದ್ದ ಇನ್ನೊಂದನ್ನು ಅವಳು ತಂದು, ಸ್ಯಾಂಪಲ್ ಕರಗಿಸುವ ಭಾರಜಲವನ್ನಷ್ಟೇ ತುಂಬಿ ಕೊಟ್ಟಳು. ಯಂತ್ರ ಟಕಟಕ ಸದ್ದು ಮಾಡಿತು. ಪೆಪ್ಟೈಡೇ ಇಲ್ಲದ ನೀರಿನಲ್ಲಿ ಅದೇ ಗೆರೆ, ಅದೇ ಜಾಗದಲ್ಲಿ ಎದ್ದು ನಿಂತಿತು.

ಅವಳು ತನ್ನ ಸಂಶೋಧನೆಯ ಗೈಡ್‌ಗೆ ಫೋನ್ ಮಾಡಿದಳು. "ಸರ್, ಎರಡನೇ ಭಂಗಿ ಇಲ್ಲ. ಅದು ಅಸಿಟೋನ್. ನಾಳೆ ಆ ಭಾಗ ಹೇಳಲ್ಲ."

ಫೋನ್ ಇಟ್ಟು ಅವನತ್ತ ತಿರುಗಿದಳು. "ಅಮ್ಮನಿಗೆ ಏನು ಹೇಳಲಿ?"

"ನನ್ನ ಹೆಸರು ಹೇಳಿ. ಬೈಯಲಿ."

"ನೀವು ನನಗೆ ಯಾರು ಅಂತ ಹೇಳಲಿ? ಬಾಯಿಗೆ ಬರ್ತಿತ್ತು ಅಂದ್ರಲ್ಲ, ಅದನ್ನ ಮೊದಲು ಹೇಳಿ."

ಅವನು ಹೇಳಿದ. ಹೇಳಿ ಎಂದವಳು ತಾನೇ ಆದರೂ ಅವಳು ಬೆಚ್ಚಿದಳು, ಕಿವಿಯವರೆಗೂ ಕೆಂಪಾದಳು.

ಅವನು ಹೇರ್‌ಪಿನ್ ಚಾಚಿದ. ಅವಳು ಪಿನ್ನಿನ ಜೊತೆ ಅವನ ಬೆರಳನ್ನೂ ಹಿಡಿದಳು.

"ಟ್ಯೂಬ್ ಮಾತ್ರ ಇನ್ಮೇಲೆ ಮುಟ್ಟಬೇಡಿ," ಎಂದಳು.